ಶನಿವಾರದ ಸೂಜಿ

ನರ್ಸಮ್ಮನ ಬೆರಳ ತುದಿಗಳು ಸದಾ ಬಿಳಿಚಿಕೊಂಡಿರುತ್ತಿದ್ದವು. ಆಸ್ಪತ್ರೆಯ ಕಾರ್ಬಾಲಿಕ್ ಸೋಪಿನಲ್ಲಿ ತೊಳೆದು ತೊಳೆದು ಚರ್ಮ ಸುಕ್ಕುಗಟ್ಟಿ, ಅಲ್ಲಲ್ಲಿ ಸೀಳು ಬಿಟ್ಟು, ರಾತ್ರಿಯೆಲ್ಲ ನೆನೆಹಾಕಿದ ಕಡಲೆಯ ಸಿಪ್ಪೆಯ ಹಾಗೆ ಕಾಣುತ್ತಿತ್ತು. ಉಗುರುಗಳನ್ನು ಮಾಂಸಕ್ಕೆ ತಾಗುವಷ್ಟು ಗಿಡ್ಡ ಕತ್ತರಿಸಿರುತ್ತಿದ್ದರು. ಅದನ್ನೂ ಶುಕ್ರವಾರವೇ ಕತ್ತರಿಸುತ್ತಿದ್ದರು. ನಮ್ಮ ಕಡೆ ಶುಕ್ರವಾರ ಉಗುರು ತೆಗೆಯುವ ಹೆಂಗಸು ಮನೆಯ ಲಕ್ಷ್ಮಿಯನ್ನೇ ಹೊರಗೆ ಕಳಿಸಿದಂತೆ. ಹಿತ್ತಲ ಕಟ್ಟೆಯ ಮೇಲೆ ಕೂತು ಅವರು ಸಣ್ಣ ಕತ್ತರಿ ಹಿಡಿದದ್ದನ್ನು ಮೊದಲ ಸಲ ಕಂಡಾಗ ನಮ್ಮ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಿದ್ದರು.

"ನಾಳೆ ತೆಗೀಬಾರದೇನ್ರೀ?" ಎಂದು ಕೇಳಿದರು.

"ನಾಳೆ ಶನಿವಾರ ರೀ. ನಾಳೆ ಕತ್ತರಿ ಮುಟ್ಟಂಗಿಲ್ಲ."

"ಇವತ್ತು ನಮ್ಮದು ಬ್ಯಾಡ ಅಂತೈತೆ, ನಾಳೆ ನಿಮ್ಮದು ಬ್ಯಾಡ ಅಂತೈತೆ. ಇನ್ನು ಉಗುರು ಬೆಳೀದೆ ಏನು ಮಾಡ್ತಾವ್ರೀ ಪಾಪ," ಎಂದು ಅತ್ತೆ ನಕ್ಕುಬಿಟ್ಟರು. ಅವರಿಬ್ಬರ ಸ್ನೇಹ ಹಾಗೆ ಶುರುವಾಯಿತು.

ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮೇಲೆ ಹುಬ್ಬಳ್ಳಿಯ ಕಡೆಯಿಂದ ಶಿಕಾರಿಪುರದ ಆಸ್ಪತ್ರೆಗೆ ವರ್ಗವಾಗಿ ಬಂದವರು ಅವರು. ನಲವತ್ತು ದಾಟಿರಬೇಕು. ಮದುವೆಯಾಗಿರಲಿಲ್ಲ. ನಮ್ಮ ಮನೆಯ ಪಕ್ಕದ ಎರಡು ಕೋಣೆಗಳನ್ನು ಮಾವ ಅವರಿಗೆ ಬಾಡಿಗೆಗೆ ಕೊಟ್ಟಿದ್ದರು. ಹಿತ್ತಲು, ಬಾವಿ, ಒಗೆಯುವ ಕಲ್ಲು ಎರಡು ಮನೆಗೂ ಒಂದೇ. ನಾನು ಆಗ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಿಂದ ಮದುವೆಯಾಗಿ ಬಂದ ಹೊಸ ಸೊಸೆ. ಊರಿಗೆ ಅವರು ಯಾವ ಜನ ಎಂಬುದೇ ತಿಳಿಯಲಿಲ್ಲ. ಸೀರೆ ಉಡುತ್ತಿದ್ದರು, ಕುಂಕುಮ ಇಡುತ್ತಿರಲಿಲ್ಲ, ಆದ್ದರಿಂದ ಕ್ರೈಸ್ತರಿರಬೇಕು ಎಂದರು ಕೆಲವರು. ಚರ್ಚಿನ ಮಾತೆತ್ತಿದರೆ ಅಲ್ಲವೆಂದು ತಲೆಯಾಡಿಸುತ್ತಿದ್ದರು. ಹಂದಿ ತಿನ್ನುವುದಿಲ್ಲವೆಂದ ಮೇಲೆ ಸಾಬರಿರಬೇಕು ಎಂದರು ಇನ್ನು ಕೆಲವರು. ಮಾವ ನೇರವಾಗಿ ಕೇಳಿದಾಗ, ತಾವು ಯೆಹೂದಿಗಳು, ತಮ್ಮ ಹಿರಿಯರು ಯಾವುದೋ ಕಾಲದಲ್ಲಿ ಹಡಗು ಒಡೆದು ಕೊಂಕಣದ ದಂಡೆಗೆ ಬಿದ್ದವರು, ಅಲ್ಲಿ ಗಾಣ ಹೂಡಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಜನ ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರು ಎಂದು ಹೇಳಿದರು. ಮನೆಮಾತು ಮರಾಠಿಯಾದರೂ ಅವರ ಕನ್ನಡ ಗಟ್ಟಿ ಹುಬ್ಬಳ್ಳಿಯ ಕನ್ನಡ. ತಂದೆ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಅಲ್ಲಿದ್ದ ಅವರ ಜನದ ನಾಲ್ಕಾರು ಮನೆಗಳಿಗೆ ಪ್ರಾರ್ಥನೆ ಹೇಳಿಸುವವರೂ ಅವರೇ.

ಬಂದ ವಾರವೇ ನರ್ಸಮ್ಮ ಬಾಗಿಲ ಚೌಕಟ್ಟಿಗೆ ಬೆರಳುದ್ದದ ಹಿತ್ತಾಳೆ ಕೊಳವೆಯೊಂದನ್ನು ಓರೆಯಾಗಿ ಹೊಡೆದರು. ಒಳಗೆ ದೇವರ ಮಾತು ಬರೆದ ಚರ್ಮದ ಚೂರು ಇದೆಯೆಂದರು. ಹೋಗುವಾಗ ಬರುವಾಗ ಅದನ್ನು ಬೆರಳಿಂದ ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದರು. ಅತ್ತೆ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡು, "ನಿಮ್ಮ ದೇವರು ಬಾಗಿಲಲ್ಲಿ, ನಮ್ಮ ದೇವರು ಕೊರಳಲ್ಲಿ. ಕಾಯೋದು ಒಂದೇ," ಎಂದಿದ್ದರು.

ಶುಕ್ರವಾರ ಸೂರ್ಯ ಮುಳುಗುವ ಮೊದಲು ಅವರು ಗಾಜಿನ ಲೋಟದಲ್ಲಿ ಕೊಬ್ಬರಿ ಎಣ್ಣೆಯ ದೀಪ ಹಚ್ಚುತ್ತಿದ್ದರು. ಆ ಮೇಲೆ ಮರುದಿನ ಚುಕ್ಕಿ ಕಾಣುವವರೆಗೆ ಬೆಂಕಿ ಹೊತ್ತಿಸುತ್ತಿರಲಿಲ್ಲ, ಹೊಲಿಯುತ್ತಿರಲಿಲ್ಲ, ಬರೆಯುತ್ತಿರಲಿಲ್ಲ. ಭಾನುವಾರ ದುಡಿದು ಶನಿವಾರ ಬಿಡುವು ಪಡೆಯಲು ಡಾಕ್ಟರರು ಒಪ್ಪಿದ್ದರು. ನಮ್ಮ ಮನೆಯಲ್ಲಿ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಸೋಮವಾರ ನಾವೂ ಎತ್ತು ಹೂಡುವವರಲ್ಲ. "ಶಿವನ ದಿನ ಎತ್ತಿಗೆ ಬಿಡುವು, ಇವರ ದೇವರ ದಿನ ಇವರಿಗೇ ಬಿಡುವು. ಇವರ ದೇವರೇ ವಾಸಿ," ಎನ್ನುತ್ತಿದ್ದರು ಅತ್ತೆ. ಅವರಿಗೆ ಸೋಮವಾರವೂ ಬಿಡುವಿರಲಿಲ್ಲ.

ಆದರೆ ಹೆರಿಗೆಯೆಂದರೆ ನರ್ಸಮ್ಮನಿಗೆ ಶನಿವಾರ ಇರುತ್ತಿರಲಿಲ್ಲ. ತೊಗರ್ಸಿಯಿಂದ ಒಮ್ಮೆ ಗಾಡಿ ಬಂತು. ಮಗು ಅಡ್ಡ ಬಿದ್ದಿದೆ ಎಂದರು. ಅವರು ಊಟದ ತಟ್ಟೆಯನ್ನು ಹಾಗೇ ಬಿಟ್ಟು, ಚೀಲ ಹಿಡಿದು ಗಾಡಿ ಏರಿದರು. ಶನಿವಾರ ತಟ್ಟೆ ತೊಳೆಯಲೂ ಯೋಚಿಸುತ್ತಿದ್ದವರು ಅಲ್ಲಿ ಬೆಂಕಿ ಹೊತ್ತಿಸಿ ನೀರು ಕಾಯಿಸಿದರಂತೆ, ಕತ್ತರಿ ಹಿಡಿದರಂತೆ. ಬಂದ ಮೇಲೆ ನಾನು ಕೇಳಿದೆ. "ಜೀವದ ಮಾತು ಬಂತಂದ್ರ ಶನಿವಾರ ಇಲ್ಲವ್ವಾ ತಂಗಿ. ಅವಾಗ ಕೇಳೂದ ತಪ್ಪು. ಕೇಳಕೋತ ನಿಂತಾಂವ ಕೊಂದಂಗ," ಎಂದರು.

ಶನಿವಾರ ಮಧ್ಯಾಹ್ನ ಅವರು ನಮ್ಮ ಹಿತ್ತಲ ಕಟ್ಟೆಗೆ ಬಂದು ಕೂರುತ್ತಿದ್ದರು. ಅತ್ತೆ ಮೊರ ಮುಂದಿಟ್ಟುಕೊಂಡು ಅಕ್ಕಿ ಕೇರುತ್ತಿದ್ದರು, ನಾನು ಕಲ್ಲು ಆರಿಸುತ್ತಿದ್ದೆ. ನರ್ಸಮ್ಮ ಬೇರೆ ದಿನ ತಾವಾಗಿಯೇ ಕೈ ಹಾಕುತ್ತಿದ್ದವರು ಶನಿವಾರ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಅತ್ತೆ ಮಂಡಕ್ಕಿಗೆ ಶೇಂಗಾ ಕಲೆಸಿ ಕೊಟ್ಟರು. ಶೇಂಗಾದಲ್ಲಿ ಕೆಲವು ಕರಿಕಾಗಿದ್ದವು. ನರ್ಸಮ್ಮ ಕರಿಕಾದದ್ದನ್ನು ಎತ್ತಿ ಎಸೆಯಲಿಲ್ಲ. ಅವುಗಳ ನಡುವಿನಿಂದ ಚೆನ್ನಾಗಿದ್ದ ಒಂದೊಂದನ್ನೇ ಎತ್ತಿ ಬಾಯಿಗೆ ಹಾಕಿಕೊಂಡರು. ಕೊನೆಗೆ ತಟ್ಟೆಯಲ್ಲಿ ಕರಿ ಶೇಂಗಾ ಮಾತ್ರ ಉಳಿಯಿತು. ಅತ್ತೆಯ ಕಣ್ಣಿಗೆ ಅದು ಬಿತ್ತು.

ನರ್ಸಮ್ಮ ವಿವರಿಸಿದರು. ಆರಿಸುವುದೂ ಒಂದು ದುಡಿಮೆ. ಶನಿವಾರ ತಿನ್ನುವುದನ್ನು ಕಸದ ನಡುವಿನಿಂದ ಎತ್ತಿಕೊಳ್ಳಬಹುದು, ಕಸವನ್ನು ತಿನ್ನುವುದರ ನಡುವಿನಿಂದ ತೆಗೆಯಬಾರದು. ಕೈಯಿಂದ ಎತ್ತಿಕೊಳ್ಳಬೇಕು, ಮೊರ, ಜರಡಿ ಮುಟ್ಟಬಾರದು. ಈಗ ತಿನ್ನಲಿಕ್ಕೆ ಎಂದಿರಬೇಕು, ನಾಳೆಗೆ ಎಂದಿರಬಾರದು.

"ಅದೇ ಕಲ್ಲು, ಅದೇ ಅಕ್ಕಿ," ಎಂದರು ಅತ್ತೆ. "ಯಾವುದನ್ನು ಮೊದಲು ಎತ್ತಿದ್ರಿ ಅಂತ ನಿಮ್ಮ ದೇವರು ಕೂತು ನೋಡ್ತಾನೇನ್ರೀ? ಬ್ಯಾರೆ ಕೆಲಸ ಇಲ್ಲೇನು ಅವನಿಗೆ?"

"ಅವ ಕಲ್ಲು ನೋಡಂಗಿಲ್ಲ ರೀ. ಕೈ ನೋಡ್ತಾನ. ಕೈಯಾಗ ಒಂದು ತುತ್ತು ಎತ್ಕೊಂಡ್ರ ಅದು ಊಟ. ಮೊರ ಹಿಡದ್ರ ಅದು ಕೆಲಸ. ನಮ್ಮಪ್ಪ ಹೇಳತಿದ್ದ, ಒಂದು ಕೆಲಸಕ್ಕಂತ ಮಾಡಿದ ಸಾಮಾನು ಕೈಗೆ ಬಂತಂದ್ರ ಮನಸ್ಸು ಅದರ ಹಿಂದಿಂದ ಹೊಕ್ಕೈತಿ ಅಂತ. ಸುತ್ತಿಗಿ ಹಿಡದಾಂವ ಮೊಳಿ ಹುಡುಕ್ತಾನ."

ಅದೇ ಕಟ್ಟೆಯ ಮೇಲೆ ಇನ್ನೊಂದು ಶನಿವಾರ ನನ್ನ ಅಂಗೈಗೆ ಬಿದಿರಿನ ಸಿಬರು ಹೊಕ್ಕಿತು. ಅವರು ಒಳಗೆ ಹೋಗಿ ಸೂಜಿ ತಂದರು. ಹೊಲಿಯಬಾರದ ದಿನ ಸೂಜಿ ಹೇಗೆ ಮುಟ್ಟಿದಿರಿ ಎಂದು ಅತ್ತೆ ಕೆಣಕಿದರು. ಮುಳ್ಳು ತೆಗೆಯಲು ಸೂಜಿ ನಡೆಯುತ್ತದೆ ಎಂದು ಹೇಳಿ, ಸಿಬರು ಈಚೆ ಬಂದ ಮೇಲೆ ಅವರು ಇನ್ನೂ ಎರಡು ಮಾತು ಹೇಳಿದರು. ಆ ಎರಡು ಮಾತುಗಳನ್ನು ಅವರು ಅವತ್ತು ಹೇಳದೆ ಇದ್ದಿದ್ದರೆ ಎಂದು ನಾನು ಆಮೇಲೆ ಬಹಳ ಸಲ ಅಂದುಕೊಂಡಿದ್ದೇನೆ. ಒಂದು ಹಾವಿನದು. ಶನಿವಾರ ಪ್ರಾಣಿ ಹಿಡಿಯಬಾರದು. ಆದರೆ ಕಚ್ಚೀತೆಂದು ಹಾವಿನ ಮೇಲೆ ಬುಟ್ಟಿ ಮುಚ್ಚಿದರೆ ತಪ್ಪಲ್ಲ, ಔಷಧಿಗೆ ಬೇಕೆಂದು ಅದೇ ಬುಟ್ಟಿ ಮುಚ್ಚಿದರೆ ತಪ್ಪು. ಇನ್ನೊಂದು ಕುರುವಿನದು.

"ಕೀವು ಹೋಗ್ಲಿ, ನೋವು ಇಳೀಲಿ ಅಂತ ಚುಚ್ಚಿದ್ರ ನಡೀತೈತಿ. ವೈದ್ಯರು ಮಾಡ್ತಾರಲ್ಲ, ಹಂಗ ಕುರುವಿಗೆ ಬಾಯಿ ಮಾಡಾಕಂತ ಕೊಯ್ದ್ರ ನಡೆಯಂಗಿಲ್ಲ. ತೂತು ಒಂದ, ಕೀವೂ ಒಂದ. ಮನಸ್ಸು ಎರಡು."

ಅತ್ತೆಗೆ ಹಾವಿನ ಮಾತು ಬಹಳ ಹಿಡಿಸಿತು. "ಹಾವಿಗೆ ಮೊದಲೇ ಹೇಳಿ ಬುಟ್ಟಿ ಮುಚ್ಚತೀರೇನ್ರೀ, ಯಾವುದಕ್ಕೆ ಅಂತ?" ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸಂಜೆ ಊಟಕ್ಕೆ ಕೂತಾಗ ಮಾವನಿಗೂ, ಮಂಡಿಯಲ್ಲಿ ವ್ಯಾಪಾರ ನೋಡುತ್ತಿದ್ದ ಚಿಕ್ಕಮಾವನಿಗೂ ಇದೆಲ್ಲವನ್ನೂ ಹೇಳಿ ನಗಿಸಿದರು. ಹಾವಿನದನ್ನೂ ಹೇಳಿದರು, ಕುರುವಿನದನ್ನೂ ಹೇಳಿದರು.

ಮರುವರ್ಷ ಬೇಸಿಗೆಯ ಮೊದಲಲ್ಲಿ ಅತ್ತೆಯ ಬೆನ್ನಿನಲ್ಲಿ, ಎರಡು ರೆಕ್ಕೆ ಮೂಳೆಗಳ ನಡುವೆ, ಒಂದು ಕುರು ಎದ್ದಿತು. ಮೊದಲು ಸೆಕೆಬೊಕ್ಕೆ ಎಂದುಕೊಂಡೆವು. ಅರಿಸಿನ ಹಚ್ಚಿದೆವು, ಅಗಸೆಯ ಹಿಟ್ಟು ಬೇಯಿಸಿ ಕಟ್ಟಿದೆವು. ಅದು ಅಂಗೈಯಷ್ಟು ಅಗಲಕ್ಕೆ ಕೆಂಪಾಗಿ, ಗಟ್ಟಿಯಾಗಿ ಊದಿಕೊಂಡಿತು. ಅತ್ತೆ ಅಂಗಾತ ಮಲಗಲಾರದೆ ಗೋಡೆಗೆ ಭುಜ ಕೊಟ್ಟು ಕೂತೇ ರಾತ್ರಿ ಕಳೆಯುತ್ತಿದ್ದರು. ಡಾಕ್ಟರರನ್ನು ಕರೆಸೋಣ ಎಂದರೆ, ಗಂಡಸಿನ ಮುಂದೆ ಬೆನ್ನು ಬಿಚ್ಚಿ ಕೂರುವುದು ತನ್ನಿಂದ ಆಗದು ಎಂದುಬಿಟ್ಟರು. ಒಂದು ಶನಿವಾರ ಮಧ್ಯಾಹ್ನ ನೋವು ತಡೆಯದೆ ಅವರೇ ನರ್ಸಮ್ಮನನ್ನು ಕರೆಯಲು ನನ್ನನ್ನು ಕಳಿಸಿದರು.

ಆ ಮಧ್ಯಾಹ್ನ ಆ ಕೋಣೆಯಲ್ಲಿ ಇದ್ದವರು ನಾವು ಮೂವರೇ. ನಡುಮನೆಯ ಹಿಂದಿನ ಕೋಣೆ, ಹಗಲಲ್ಲೂ ಕತ್ತಲು. ನಾನು ಮೊದಲೇ ಕಂದೀಲು ಹಚ್ಚಿಟ್ಟಿದ್ದೆ. ನರ್ಸಮ್ಮನ ಚೀಲದಿಂದ ಸೂಜಿಯನ್ನೂ ಸಣ್ಣ ಚಾಕುವನ್ನೂ ತೆಗೆದು ನಾನೇ ನೀರಲ್ಲಿ ಕುದಿಸಿ ತಂದು ಬಿಳಿ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟೆ. ಎರಡನ್ನೂ ಕುದಿಸು ಎಂದದ್ದು ನರ್ಸಮ್ಮನೇ. ಅತ್ತೆ ದಿಂಬು ಅವಚಿಕೊಂಡು ಬೋರಲಾಗಿ ಮಲಗಿದ್ದರು. ಅವರಿಗೆ ತಟ್ಟೆ ಕಾಣುತ್ತಿರಲಿಲ್ಲ. ನಾನು ಕಂದೀಲು ಎತ್ತಿ ಹಿಡಿದೆ. ನರ್ಸಮ್ಮ ಸೂಜಿಯಿಂದ ಕುರುವನ್ನು ಎರಡು ಕಡೆ ಚುಚ್ಚಿ, ಬಂದಷ್ಟು ಕೀವನ್ನು ಅರಳೆಯಲ್ಲಿ ಒತ್ತಿ ತೆಗೆದರು. ಹೆಚ್ಚು ಬರಲಿಲ್ಲ. ಅತ್ತೆಗೆ ಮಾತ್ರ ಸ್ವಲ್ಪ ಹಾಯೆನಿಸಿತು. ಬಹಳ ದಿನದ ಮೇಲೆ ನೀಳವಾಗಿ ಉಸಿರು ಬಿಟ್ಟರು.

ಕೈ ತೊಳೆದುಕೊಳ್ಳುತ್ತ ನರ್ಸಮ್ಮ, ಇದು ಬರೇ ಕುರುವಿನ ಹಾಗೆ ಕಾಣುವುದಿಲ್ಲ, ನಾಳೆ ಬೆಳಿಗ್ಗೆ ಡಾಕ್ಟರರಿಗೆ ತೋರಿಸಲೇಬೇಕು ಎಂದರು. ಅತ್ತೆ ಆಗಲೆಂದು ಗುಣುಗಿದರು. ಹೊರಗೆ ಜಗುಲಿಯ ಮೇಲಿದ್ದ ಮಾವನಿಗೂ ಚಿಕ್ಕಮಾವನಿಗೂ ಅವರು ಅದೇ ಮಾತನ್ನು ಮತ್ತೆ ಹೇಳಿದರು. ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ನೋಡೋಣ ಎಂದರು ಮಾವ.

ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ನರ್ಸಮ್ಮ ಮತ್ತೆ ಬಂದು ಕೇಳಿದರು. ಅತ್ತೆಗೆ ನೋವು ಕಡಿಮೆಯಾಗಿತ್ತು. ಸೋಮವಾರ ತೊಗರ್ಸಿಯ ಮಲ್ಲಿಕಾರ್ಜುನನಿಗೆ ಅಭಿಷೇಕ ಮಾಡಿಸಿ ಭಸ್ಮ ತರಿಸಿ ಹಚ್ಚೋಣ, ಆಮೇಲೂ ಇಳಿಯದಿದ್ದರೆ ಡಾಕ್ಟರರು ಎಂದರು. ಸೋಮವಾರ ಸಂಜೆಗೆ ಮೈ ಕೆಂಡವಾಗಿ, ನನ್ನನ್ನು ತಮ್ಮ ತೀರಿಹೋದ ತಂಗಿಯ ಹೆಸರಿನಿಂದ ಕರೆಯತೊಡಗಿದರು. ಆಗ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಮೂತ್ರ ಪರೀಕ್ಷಿಸಿದ ಡಾಕ್ಟರರು ಸಕ್ಕರೆ ಕಾಯಿಲೆ ಮೊದಲಿಂದಲೂ ಇದ್ದಿರಬೇಕು, ನಂಜು ರಕ್ತಕ್ಕೆ ಏರಿದೆ ಎಂದರು. ನರ್ಸಮ್ಮ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಅತ್ತೆ ಉಳಿಯಲಿಲ್ಲ. ಕೊನೆಯ ಗಳಿಗೆಯಲ್ಲಿ ಅತ್ತೆಯ ಬೆರಳುಗಳು ಲಿಂಗವನ್ನು ಹುಡುಕಿದವು. ಅದನ್ನು ಅಂಗೈಗೆ ಸೇರಿಸಿ ಬೆರಳು ಮಡಿಸಿದ್ದು ನರ್ಸಮ್ಮನ ಕೈ.

ಮಣ್ಣು ಮಾಡಿ ಬಂದವರು ಜಗುಲಿಯ ಮೇಲೆ ಕೂತಿದ್ದಾಗ ಚಿಕ್ಕಮಾವ ಆ ಹಳೆಯ ಊಟದ ಹೊತ್ತಿನ ಮಾತನ್ನು ಎತ್ತಿದರು. ಶನಿವಾರ ಕುರು ಕೊಯ್ಯಬಾರದು ಎಂದು ಆ ಹೆಂಗಸೇ ಹೇಳಿದ್ದಳಲ್ಲ ಎಂದರು. ಒಂದು ದಿನ ಮೊದಲೋ ಒಂದು ದಿನ ಆಮೇಲೋ ಆಗಿದ್ದರೆ ಚಾಕು ಹಾಕುತ್ತಿದ್ದಳು, ನಂಜು ಹೊರಗೆ ಹೋಗುತ್ತಿತ್ತು ಎಂದರು. ಮಾವ ತಲೆ ತಗ್ಗಿಸಿ ಕೂತಿದ್ದರು. ನೋಡೋಣ ಎಂದು ತಾವು ಆಡಿದ ಮಾತು ಅವರನ್ನು ಒಳಗೆ ತಿನ್ನುತ್ತಿದ್ದಿರಬೇಕು. ಅದಕ್ಕಿಂತ ಹೊರುವುದಕ್ಕೆ ಹಗುರಾದ ಮಾತು ಸಿಕ್ಕಿತು. ವಾರದೊಳಗೆ ಮಂಡಿಯಲ್ಲಿ, ಬಸ್ಸು ನಿಲ್ಲುವಲ್ಲಿ, ಎಲ್ಲ ಕಡೆ ಒಂದೇ ಮಾತಾಯಿತು. ಅವಳ ಶನಿವಾರಕ್ಕೆ ನಮ್ಮ ಅತ್ತಿಗೆ ಬಲಿ ಎಂದು ಚಿಕ್ಕಮಾವ ಅರ್ಜಿ ಹಾಕಿದರು. ಬಾವಿಗೆ ನೀರಿಗೆ ಬಂದ ನರ್ಸಮ್ಮನ ಕೊಡದ ಪಕ್ಕ ಯಾರೂ ಕೊಡ ಇಡಲಿಲ್ಲ. ಹೆರಿಗೆಗೆ ಕರೆಯಲು ಬರುವ ಗಾಡಿಗಳು ನಿಂತವು.

ವಿಚಾರಣೆಗೆ ಶಿವಮೊಗ್ಗದಿಂದ ಅಧಿಕಾರಿಯೊಬ್ಬರು ಬಂದರು. ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಮೇಜು ಹಾಕಿ ಕೂತರು. ಆ ಶನಿವಾರ ಅತ್ತೆಯ ಕೋಣೆಯೊಳಗೆ ಇದ್ದು ಕಂಡವಳು ನಾನೊಬ್ಬಳೇ ಆದ್ದರಿಂದ ನನ್ನನ್ನೂ ಕರೆಸಿದರು. ಹೊರಡುವ ಮುಂಚೆ ನಮ್ಮ ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು, ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ ಎಂದರೆ ಸಾಕು ಎಂದರು. ಗದರಲಿಲ್ಲ. ಬೇಡಿಕೊಂಡ ಹಾಗೆ ಹೇಳಿದರು. ಕಂದೀಲು ಹಿಡಿದಿದ್ದವಳಿಗೆ ಕತ್ತಲು ಹೇಗಾದೀತು ಎಂದು ನಾನು ಅವರನ್ನೇ ಕೇಳಿದೆ.

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು ಎಂದು ಅಧಿಕಾರಿ ಮೊದಲೇ ಹೇಳಿದರು. ಚಾಕು ಹಾಕಿದರೇ ಎಂದು ಕೇಳಿದರು. ಇಲ್ಲ, ಸೂಜಿ ಎಂದೆ. ಡಾಕ್ಟರರಿಗೆ ತೋರಿಸಲು ನರ್ಸು ಹೇಳಿದ್ದುಂಟೇ ಎಂದು ಕೇಳಿದರು. ಶನಿವಾರ ಅತ್ತೆಗೆ ಹೇಳಿದ್ದನ್ನೂ, ಜಗುಲಿಯಲ್ಲಿ ಮಾವಂದಿರಿಗೆ ಹೇಳಿದ್ದನ್ನೂ, ಭಾನುವಾರ ಬೆಳಿಗ್ಗೆ ಮತ್ತೆ ಬಂದು ಕೇಳಿದ್ದನ್ನೂ ಹೇಳಿದೆ. ಮಾವ ಏನಂದರು ಎಂದರು. ನೋಡೋಣ ಅಂದರು ಎಂದೆ. ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಮಾವ ಕೂತಿದ್ದರು. ಅವರು ಕೆಮ್ಮಿದ್ದು ಕೇಳಿಸಿತು.

ಆಮೇಲೆ ನರ್ಸಮ್ಮನನ್ನು ಕೇಳಿದರು. ಅಷ್ಟು ಹೊತ್ತಿಗೆ ಅಧಿಕಾರಿಯ ಮುಖ ಸ್ವಲ್ಪ ಸಡಿಲವಾಗಿತ್ತು. ಸಕ್ಕರೆ ಕಾಯಿಲೆಯ ರಾಜಕುರು ಇದು, ಚಾಕು ಹಾಕಿದ್ದರೂ ಉಳಿಯುತ್ತಿದ್ದುದು ಅನುಮಾನ ಎಂದು ಡಾಕ್ಟರರು ಆಗಲೇ ಹೇಳಿದ್ದರು. ಡಾಕ್ಟರರಿಲ್ಲದೆ ನರ್ಸು ಚಾಕು ಹಾಕುವ ಹಾಗಿಲ್ಲ, ಆದ್ದರಿಂದ ಹಾಕಲಿಲ್ಲ ಎಂದು ಹೇಳಿಬಿಡಿ ಎಂದು ನರ್ಸಮ್ಮನಿಗೂ ಅವರೇ ಹೊರಗೆ ಹೇಳಿಕೊಟ್ಟದ್ದನ್ನು ನಾನು ಕೇಳಿದ್ದೆ. ಹಳ್ಳಿಗಳಲ್ಲಿ ಎಷ್ಟೋ ಕುರು ಕೊಯ್ದಿದ್ದೇನೆ, ಹಾಗೆಂದರೆ ಸುಳ್ಳಾಗುತ್ತದೆ ಎಂದು ನರ್ಸಮ್ಮ ತಲೆಯಾಡಿಸಿದ್ದರು.

ಚಾಕು ಇತ್ತೇ ಎಂದರು ಅಧಿಕಾರಿ. ಇತ್ತು. ಕುದಿಸಿತ್ತೇ? ಕುದಿಸಿತ್ತು. ಯಾಕೆ ಹಾಕಲಿಲ್ಲ? ಸರಿಯಾಗಿ ಹಣ್ಣಾಗಿರಲಿಲ್ಲ, ನೋವು ಇಳಿಸಲು ಸೂಜಿ ಸಾಕು ಅನಿಸಿತು. ಶನಿವಾರ ಚಾಕು ಹಾಕಬಾರದು ಎಂಬ ಕಟ್ಟಳೆ ನಿಮ್ಮಲ್ಲಿ ಇದೆಯಂತಲ್ಲ? ಇದೆ, ಜೀವಕ್ಕೆ ಅಪಾಯವಿದ್ದರೆ ಇಲ್ಲ. ಅಪಾಯ ಇದೆ ಅನ್ನಿಸಿತೇ? ಆವತ್ತು ಅನ್ನಿಸಲಿಲ್ಲ. ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟರು. ಅಧಿಕಾರಿ ಪೆನ್ನು ಮುಚ್ಚುವವರಿದ್ದರು. ಆಗ ಬೆಂಚಿನಿಂದ ಚಿಕ್ಕಮಾವ ಎದ್ದು ನಿಂತು, ಒಂದೇ ಒಂದು ಕೇಳಿ ಸ್ವಾಮಿ ಎಂದರು.

"ಅದೇ ಕುರು, ಅದೇ ಬೆನ್ನು. ಶುಕ್ರವಾರ ಆಗಿದ್ರೆ ಚಾಕು ಹಾಕ್ತಿದ್ರೋ ಇಲ್ಲೋ? ಅಷ್ಟು ಹೇಳ್ಲಿ."

ನರ್ಸಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು, ಅವನ್ನೇ ನೋಡುತ್ತಿದ್ದರು. ಇಲ್ಲ ಎಂದುಬಿಡಿ ಎಂಬಂತೆ ಡಾಕ್ಟರರು ಅವರ ಕಡೆಗೇ ಕಣ್ಣಿಟ್ಟು ಸಣ್ಣಗೆ ತಲೆಯಾಡಿಸುತ್ತಿದ್ದರು. ನನಗೂ ಕೂಗಿ ಹೇಳಬೇಕೆನಿಸಿತು. ಬೇರೆ ಯಾರಾದರೂ ಆಗಿದ್ದರೆ ಅದು ಒಂದು ಮಾತಿನ ಕೆಲಸ. ಆದರೆ ಒಂದು ಶೇಂಗಾ ಎತ್ತುವಾಗಲೂ ಮನಸ್ಸು ಯಾವ ಕಡೆ ಇದೆ ಎಂದು ನೋಡಿಕೊಳ್ಳುತ್ತ ಬೆಳೆದವರು ಅವರು. ಆ ಕೋಣೆಯಲ್ಲಿ, ಅಷ್ಟು ಜನರ ಎದುರಿಗೆ, ಅವರು ನಿಜವಾಗಿಯೂ ಹುಡುಕುತ್ತಿದ್ದರು.

"ಗೊತ್ತಿಲ್ಲ ರೀ," ಎಂದರು ಕೊನೆಗೆ. "ಶುಕ್ರವಾರ ಆಗಿದ್ರ ಏನು ಮಾಡತಿದ್ನೋ, ನನಗ ಗೊತ್ತಿಲ್ಲ."

ಚಿಕ್ಕಮಾವ ಕೂತುಕೊಂಡರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ ಎಂಬುದನ್ನೂ ಹೇಳಬೇಕು, ಹೆದರಿದ ಹಾಗಿತ್ತು. ಅಧಿಕಾರಿ ಪೆನ್ನು ಮತ್ತೆ ತೆರೆದರು.

ನರ್ಸಮ್ಮನಿಗೆ ಎಚ್ಚರಿಕೆ ಕೊಟ್ಟು, ಕೆಳಗಿನ ದರ್ಜೆಗೆ ಇಳಿಸಿ ಸೊರಬಕ್ಕೆ ವರ್ಗ ಮಾಡಿದರು. ರೋಗಿಯ ಮೈಗೆ ಸಲಕರಣೆ ಮುಟ್ಟಿಸುವ ಕೆಲಸ ಕೊಡಬಾರದು ಎಂದೂ ಆಯಿತಂತೆ. ಹೊರಡುವ ದಿನ ಚೌಕಟ್ಟಿನ ಹಿತ್ತಾಳೆ ಕೊಳವೆಯನ್ನು ಅವರೇ ಕಿತ್ತುಕೊಂಡರು. ಮೊಳೆಯ ಎರಡು ತೂತುಗಳು ಉಳಿದವು.

ನಮ್ಮ ಮನೆಯಲ್ಲಿ ಮಾವ ನನ್ನ ಕೈಯ ನೀರು ಕುಡಿಯುವುದನ್ನು ಬಿಟ್ಟರು. ಬೈಯಲಿಲ್ಲ. ನಾನು ತಂಬಿಗೆ ಇಟ್ಟರೆ ಅದು ಹಾಗೇ ಇರುತ್ತಿತ್ತು. ಸ್ವಲ್ಪ ದಿನ ತವರಿನಲ್ಲಿದ್ದು ಬಾ ಎಂದು ನಮ್ಮ ಮನೆಯವರು ನನ್ನನ್ನು ಕುಪ್ಪಗಡ್ಡೆಗೆ ಬಿಟ್ಟುಬಂದರು. ಆ ಸ್ವಲ್ಪ ದಿನ ಒಂದು ವರ್ಷಕ್ಕೆ ಹತ್ತಿರವಾಯಿತು. ಮೊನ್ನೆಯವರೆಗೆ ಮೊರದ ಎದುರಿಗೆ ಕೂತು ನಗುತ್ತಿದ್ದ ಇಬ್ಬರಲ್ಲಿ ಒಬ್ಬರು ಮಣ್ಣು ಸೇರಿದ್ದರು, ಇನ್ನೊಬ್ಬರು ಹತ್ತಿರದಲ್ಲೇ ಇದ್ದರೂ ಹೋಗಿ ನೋಡುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ. ಅವರಿಗೆ ಮೈಯಲ್ಲಿ ಹುಷಾರಿಲ್ಲವೆಂದು ಸೊರಬದ ಆಸ್ಪತ್ರೆಗೆ ಹೋಗಿ ಬಂದವರು ಹೇಳಿದ ಮೇಲೆ ಒಂದು ಶುಕ್ರವಾರ ಬಸ್ಸು ಹತ್ತಿದೆ.

ಆಸ್ಪತ್ರೆಯ ಹಿಂದಿನ ಒಂಟಿ ಕೋಣೆಯಲ್ಲಿದ್ದರು. ಕಣ್ಣು ಹಳದಿಯಾಗಿತ್ತು. ಬೆರಳ ತುದಿಗಳ ಸೀಳು ಮಾಯ್ದು ಚರ್ಮ ನುಣ್ಣಗಾಗಿತ್ತು. ಆ ಕೈಗಳಿಗೆ ಈಗ ಕಾರ್ಬಾಲಿಕ್ ಸೋಪು ಬೇಕಿರಲಿಲ್ಲ. ಬಟ್ಟೆ ಮಡಿಸುವುದು, ರೋಗಿಗಳಿಗೆ ಗಂಜಿ ಹಂಚುವುದು ಅವರ ಕೆಲಸ ಎಂದು ಅಲ್ಲಿನ ಆಯಾ ಹೇಳಿದಳು. ನನ್ನನ್ನು ಕಂಡು ನರ್ಸಮ್ಮನಿಗೆ ಸಂತೋಷವಾಯಿತು. ಅತ್ತೆಯ ವರ್ಷದ ತಿಥಿ ಮಾಡಿದಿರಾ, ಬಾವಿಯ ನೀರು ಇಳಿದಿದೆಯೇ ಎಂದೆಲ್ಲ ಕೇಳಿದರು. ಚಿಕ್ಕಮಾವನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. "ಅವ ಕೇಳಿದ್ದು ಖರೇ ಪ್ರಶ್ನೆ ಇತ್ತು ತಂಗಿ. ನಾನ ಕೇಳ್ಕೋಬೇಕಿತ್ತು, ಅವ ಕೇಳಿದ," ಎಂದರು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡರು.

"ಕಂದೀಲು ನಿನ್ನ ಕೈಯಾಗ ಇತ್ತು. ನನ್ನ ಕೈ ಮೊದಲು ಎಲ್ಲಿಗೆ ಹೋತು, ಹೇಳು. ನನಗ ಎಷ್ಟು ನೆನಸಿದ್ರೂ ಸಿಗವಲ್ದು."

ಇದನ್ನು ವಿಚಾರಣೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ.

"ಚಾಕುವಿನ ಮೇಲೆ ಹೋಯ್ತು. ಹಿಡಿ ಮುಟ್ಟಿದ್ರಿ. ಅಲ್ಲಿ ಕೈ ನಿಂತಿತು. ಆಮೇಲೆ ಎಡಗೈ ಬೆರಳಲ್ಲಿ ಕುರು ಒತ್ತಿ ನೋಡಿದ್ರಿ. ಆಮೇಲೆ ಸೂಜಿ ತಗೊಂಡ್ರಿ."

"ಒತ್ತಿ ನೋಡಿದ್ನಾ?"

"ನೋಡಿದ್ರಿ."

"ಕೈ ನಿಂತ ಮ್ಯಾಲೆ?"

"ನಿಂತ ಮೇಲೆ."

ಅವರು ನನ್ನ ಮೊಣಕೈ ಬಿಟ್ಟರು. ತಮ್ಮ ಬಲಗೈಯನ್ನು ಎತ್ತಿ, ಹಾಸಿಗೆಯ ಮೇಲೆ ಇಲ್ಲದ ತಟ್ಟೆಯೊಂದರ ಮೇಲೆ ಚಾಚಿ, ತಡೆದರು. ಹಾಗೇ ಹಿಡಿದುಕೊಂಡು ಅದನ್ನು ನೋಡಿದರು.

"ಒತ್ತಿ ನೋಡಾಕ ನಿಂತಿದ್ರ ಅದು ನರ್ಸಿನ ಕೈ," ಎಂದರು ಮೆಲ್ಲಗೆ. "ಶನಿವಾರಕ್ಕ ನಿಂತು, ಆಮ್ಯಾಲೆ ಒಂದು ನೆವ ಬೇಕಂತ ಒತ್ತಿದ್ರ…"

ಸಮಾಧಾನಕ್ಕೆ ಒಂದು ಮಾತು ಹೇಳಬಹುದಿತ್ತು. ಒತ್ತಿ ನೋಡಲಿಕ್ಕೇ ನಿಂತದ್ದು, ನಾನು ಕಂಡಿದ್ದೇನೆ ಎನ್ನಬಹುದಿತ್ತು. ಕೈ ನಿಂತದ್ದನ್ನು ಕಂಡಿದ್ದೆ. ಯಾಕೆ ನಿಂತಿತು ಎಂಬುದು ಕಂದೀಲಿನ ಬೆಳಕಿಗೆ ಕಾಣುವಂಥದ್ದಲ್ಲ. ನಾನು ಹಾಗೆಂದೇ ಹೇಳಿದೆ.

"ಹೌದು," ಎಂದರು ಅವರು. "ಕಂಡಷ್ಟ ಹೇಳಿದಿ. ಒಂದು ಎಳ್ಳಷ್ಟೂ ಹೆಚ್ಚಿಗಿ ಹೇಳಲಿಲ್ಲ. ಸುಮ್ಮನ ನನ್ನ ಖುಷಿ ಮಾಡಾಕ ಏನರ ಹೇಳಿದ್ದಿದ್ರ ಇವತ್ತ ನಿನ್ನನ್ನೂ ಕಳಕೋತಿದ್ದೆ."

ಹೊತ್ತು ಇಳಿಯುತ್ತಿತ್ತು. ದೀಪದ ಲೋಟ ಕಿಟಕಿಯಲ್ಲಿತ್ತು. ನಾನು ಹಚ್ಚಲೇ ಎಂದೆ. ಬೇಡವೆಂದು ಎದ್ದು ಕೂತು, ಗೋಡೆ ಹಿಡಿದು ಕಿಟಕಿಯವರೆಗೆ ನಡೆದರು. ಕಡ್ಡಿ ಗೀರಿದರು. ಒಂದು ಕಡ್ಡಿ ಆರಿತು, ಇನ್ನೊಂದು ಮುರಿಯಿತು. ನಾನು ಕೈ ಹಾಕಲಿಲ್ಲ. ಕೊನೆಗೆ ಹತ್ತಿತು. ಹತ್ತಿದ ಮೇಲೆ ಎರಡು ಅಂಗೈಯಿಂದಲೂ ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಂಡರು. ಕೊನೆಯ ಬಸ್ಸು ತಪ್ಪೀತೆಂದು ನನ್ನನ್ನು ಅವರೇ ಹೊರಡಿಸಿದರು.

ಆ ವರ್ಷದ ಜೋಳ ಕೊಯ್ಲಿನ ಹೊತ್ತಿಗೆ ಅವರು ತೀರಿಕೊಂಡರು. ಹುಬ್ಬಳ್ಳಿಯಿಂದ ಅಣ್ಣ ಬಂದು, ಬಾಡಿಗೆಯ ವ್ಯಾನಿನಲ್ಲಿ ದೇಹವನ್ನು ತಮ್ಮವರ ಮಣ್ಣಿಗೆ ಕೊಂಡೊಯ್ದರೆಂದು ಆಯಾ ಆಮೇಲೆ ಹೇಳಿದಳು. ನನಗೆ ತಿಳಿದಾಗ ಎಲ್ಲ ಮುಗಿದಿತ್ತು. ಕಡೆಯ ಎರಡು ದಿನ ಮಾತಿರಲಿಲ್ಲವಂತೆ. ಬಲಗೈ ಮಾತ್ರ ಆಗಾಗ ಹೊದಿಕೆಯ ಮೇಲೆ ಮುಂದೆ ಚಾಚುತ್ತಿತ್ತಂತೆ, ಚಾಚಿ ನಿಲ್ಲುತ್ತಿತ್ತಂತೆ. ನೀರು ಬೇಕೇನೋ ಎಂದು ಆಯಾ ಲೋಟ ಹಿಡಿದಳಂತೆ. ಅದಲ್ಲ.

ಅಷ್ಟು ಹೊತ್ತಿಗೆ ನಾನು ಶಿಕಾರಿಪುರಕ್ಕೆ ಮರಳಿದ್ದೆ. ಒಂದು ದಿನ ಮಾವ ತಾವಾಗಿಯೇ ನೀರು ಕೇಳಿದರು, ಕೊಟ್ಟೆ, ಕುಡಿದರು. ಅಂದು ಆಡಿದ 'ನೋಡೋಣ' ಅವರ ಗಂಟಲಲ್ಲಿ ಕೊನೆಯವರೆಗೂ ಇತ್ತೆಂದು ನನಗೆ ಗೊತ್ತು. ಪಕ್ಕದ ಕೋಣೆಗೆ ಬೇರೆಯವರು ಬಂದರು. ಚೌಕಟ್ಟಿನ ಎರಡು ತೂತುಗಳಿಗೆ ಮೇಣ ತುಂಬಿ ಬಣ್ಣ ಹೊಡೆದರು.

ಈಗ ಅತ್ತೆಯ ಮೊರ ನನ್ನ ಮುಂದಿರುತ್ತದೆ. ಅಕ್ಕಿ ಹರಡಿ ಕೂರುತ್ತೇನೆ. ಕಲ್ಲು ಕಣ್ಣಿಗೆ ಬಿದ್ದೊಡನೆ ಕೈ ಅದರ ಮೇಲೆ ಹೋಗಿ ಒಂದು ಗಳಿಗೆ ನಿಲ್ಲುತ್ತದೆ. ನಮಗೆ ಅಂಥ ಕಟ್ಟಳೆಯಿಲ್ಲ. ಯಾವ ವಾರವಾದರೂ ನಿಲ್ಲುತ್ತದೆ. ಯಾಕವ್ವಾ ಹಾಗೆ ಕೈ ತಡೀತೀ ಎಂದು ಮಗಳು ಒಮ್ಮೆ ಕೇಳಿದಳು. ಉತ್ತರಕ್ಕೆ ಹುಡುಕಿದೆ. ಗೊತ್ತಿಲ್ಲ ಎಂದೆ.